ಹಗಲು ಹೇಳಬಾರದ ಕಥೆ

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಅರವತ್ತೆರಡು ಅಂತ ಹೇಳುವುದು ಆಧಾರ್ ಕಾರ್ಡು. ನನ್ನವ್ವನನ್ನು ಕೇಳಿದ್ದರೆ "ಬರ ಹೋಗಿ ಜೋಳ ಬಂದ ವರ್ಷ ಹುಟ್ಟಿದಿ" ಅನ್ನುತ್ತಿದ್ದಳು. ಅದರ ಮೇಲೆ ಲೆಕ್ಕ ಹಾಕುವವರು ಈಗ ಯಾರೂ ಉಳಿದಿಲ್ಲ. ಆ ವಯಸ್ಸಿನಲ್ಲಿ ನಾನೊಂದು ಕಾದಂಬರಿ ಬರೆದು ಮುಗಿಸಿದೆ. ಮುಗಿಸುವ ಹೊತ್ತಿಗೇ ನಮ್ಮ ಮನೆಯವರು ಕಳೆದುಹೋದರು. ಸಿಕ್ಕರೋ ಇಲ್ಲವೋ ಅಂತ ನೀವು ಕೊನೆಯತನಕ ಕಾಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಸಿಕ್ಕಿಲ್ಲ.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಒಂದು ಪೆನ್ಸಿಲಿನಿಂದ. ನಿನ್ನೆ ಟ್ರಂಕು ಎಳೆದು ಕಸ ಗುಡಿಸುವಾಗ ಬಡಗಿಗಳ ಚಪ್ಪಟೆ ಪೆನ್ಸಿಲಿನ ತುಂಡೊಂದು ಹೊರಗೆ ಬಂತು. ಹಿಂಬದಿಯಲ್ಲಿ ನನ್ನದೇ ಹಲ್ಲಿನ ಗುರುತು. ಮುಂದೇನು ಬರೆಯಲಿ ಅಂತ ತಿಳಿಯದಾಗ ಕಚ್ಚುತ್ತಿದ್ದೆ. ಆ ಪೆನ್ಸಿಲನ್ನು ಚಪ್ಪಟೆ ಮಾಡಿರುವುದು ಯಾಕೆಂದರೆ, ಎತ್ತರದಲ್ಲಿ ಇಟ್ಟರೆ ಉರುಳಿ ಹೋಗಬಾರದು ಅಂತ. ಮನುಷ್ಯರನ್ನು ಹಾಗೆ ಮಾಡಿಲ್ಲ.

ನಾನು ಓದಿದ್ದು ಎರಡನೇ ಇಯತ್ತೆ. ಅಷ್ಟರಲ್ಲಿ ಎಮ್ಮೆ ಈದಿತು, ಶಾಲೆ ಬಿಡಿಸಿದರು. ಎಮ್ಮೆ ಸತ್ತ ಮೇಲೂ ಯಾರೂ ಮತ್ತೆ ಕಳಿಸಲಿಲ್ಲ. ಅಕ್ಷರ ಮರೆಯದೆ ಉಳಿದದ್ದು ಊರಿಂದ ಬರುವ ಕ್ಯಾಲೆಂಡರಿನ ಕೃಪೆ. ಯಾದಗಿರಿ ಕಡೆಯಿಂದ ಯಾರು ಪುಣೆಗೆ ಬಂದರೂ ಒಂದು ಕ್ಯಾಲೆಂಡರ್ ತರುತ್ತಿದ್ದರು. ಅದರ ಹಾಳೆಗಳ ಹಿಂದೆ ಇರುವ ರಾಶಿಫಲ, ಮನೆಮದ್ದು, ಹಪ್ಪಳ ಮಾಡುವ ವಿಧಾನ, ಎಲ್ಲ ಓದುತ್ತಿದ್ದೆ. ನನ್ನ ಬರವಣಿಗೆಯಲ್ಲಿ ಎಲ್ಲಾದರೂ ಮೂಲವ್ಯಾಧಿಗೆ ಔಷಧ ಬಂದುಬಿಟ್ಟರೆ ಬೈಯಬೇಡಿ. (ಇದರ ಕಾಗುಣಿತ ತಿದ್ದಿಕೊಟ್ಟವರು ಮಾಲತಿಬಾಯಿ. ಅವರು ಯಾರು ಅಂತ ಹೇಳುತ್ತೇನೆ, ತಡೆಯಿರಿ.)

ಮದುವೆಯಾಗಿ ಬಂದಾಗಿನಿಂದ ಮೊಣಕಾಲು ಹೋಗುವವರೆಗೆ ನಾನು ಹೊತ್ತದ್ದು ಇಟ್ಟಿಗೆ. ನಮ್ಮ ಮನೆಯವರು ಗೌಂಡಿ, ಗೋಡೆ ಕಟ್ಟುವವರು. ಪುಣೆಯ ಹಿಂಜವಾಡಿಯಲ್ಲಿ ಇವತ್ತು ಗಾಜು ಹಾಕಿಕೊಂಡು ನಿಂತ ಎಷ್ಟೋ ಕಟ್ಟಡಗಳನ್ನು ನಾವು ಗೋಡೆಯಿಲ್ಲದಾಗ ನೋಡಿದ್ದೇವೆ. ಬರೀ ಕಂಬ, ಬರೀ ಗಾಳಿ. ತಲೆಯ ಮೇಲೆ ಬುಟ್ಟಿ ಇದ್ದಾಗ ತಲೆಯೊಳಗೂ ಏನಾದರೂ ಇರಬೇಕು, ಇಲ್ಲದಿದ್ದರೆ ಭಾರ ಜಾಸ್ತಿಯಾಗುತ್ತದೆ. ಕೆಲವರು ಹಾಡು ಇಟ್ಟುಕೊಳ್ಳುತ್ತಾರೆ, ಕೆಲವರು ಸೊಸೆಯ ಮೇಲಿನ ಸಿಟ್ಟು ಇಟ್ಟುಕೊಳ್ಳುತ್ತಾರೆ. ನಾನು ಒಂದು ಕಥೆ ಇಟ್ಟುಕೊಂಡಿದ್ದೆ.

ಕಥೆ ಇಷ್ಟು. ಒಂದು ಮನೆ ಕಟ್ಟುತ್ತಾ ಕಟ್ಟುತ್ತಾ ಅದು ಮೋಡ ದಾಟಿ ಹೋಗಿದೆ. ಒಂದು ಮಾಳಿಗೆಯಲ್ಲಿ ಯಾವಾಗಲೂ ಚಳಿ, ಇನ್ನೊಂದರಲ್ಲಿ ಯಾವಾಗಲೂ ಸುಗ್ಗಿ. ಮಾಳಿಗೆಗೊಬ್ಬ ರಾಜ, ಮಾಳಿಗೆಗೊಂದು ಭಾಷೆ. ನೆಲದಿಂದ ತುದಿಯವರೆಗೆ ಮಂದಿ ಸಾಲು ನಿಂತಿದ್ದಾರೆ, ಕೈಯಿಂದ ಕೈಗೆ ಇಟ್ಟಿಗೆ ಮೇಲಕ್ಕೆ ಕೊಡುತ್ತಾರೆ. ಅಜ್ಜ ಕೊಟ್ಟ ಇಟ್ಟಿಗೆ ತುದಿ ಮುಟ್ಟುವ ಹೊತ್ತಿಗೆ ಕೆಳಗೆ ಮೊಮ್ಮಗ ನಿಂತಿರುತ್ತಾನೆ. ತುದಿಯಲ್ಲಿ ಒಬ್ಬನೇ ಗೌಂಡಿ. ಅವನ ಹೆಂಡತಿ ನೆಲದಲ್ಲಿ ಇಟ್ಟಿಗೆ ಎತ್ತಿಕೊಡುತ್ತಾಳೆ. ಅವನಿಗೆ ಇಳಿದು ಬರಬೇಕು. ಆದರೆ ಆ ಸಾಲಿನ ಮಂದಿಗೆ ಮೇಲಕ್ಕೆ ಕೊಡುವುದು ಮಾತ್ರ ಬರುತ್ತದೆ, ಕೆಳಕ್ಕೆ ಇಳಿಸಿಕೊಳ್ಳುವುದು ಯಾರಿಗೂ ಬರುವುದಿಲ್ಲ. ಮೆಟ್ಟಿಲು ಯಾರೂ ಕಟ್ಟಿಲ್ಲ, ಕಟ್ಟು ಅಂತ ಯಾರೂ ಹೇಳಿರಲಿಲ್ಲ.

ಮೊಣಕಾಲು ಹೋದ ಮೇಲೆ ಮಾಲತಿಬಾಯಿಯ ಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ ಹಿಡಿದೆ. ಧಾರವಾಡ ಕಡೆಯವರು, ಗಂಡ ಕಚೇರಿಯಲ್ಲಿ ಗುಮಾಸ್ತ. ಒಂದು ದಿನ ಕುಕ್ಕರ್ ತಿಕ್ಕುತ್ತಾ ಈ ಕಥೆ ಹೇಳಿದೆ. ಬಾಯಿ ಟೀ ಕುಡಿಯುವುದು ನಿಲ್ಲಿಸಿದರು.

"ಭೀಮವ್ವ, ಇದು ಫ್ಯಾಂಟಸಿ ಕಾದಂಬರಿ ಆಗ್ತದ ನೋಡ್ರಿ."

"ಅಂದ್ರ ಏನ್ರಿ ಬಾಯಿ?"

"ಇಲ್ಲದ ಲೋಕಾನ ಇದ್ದಂಗ ಬರಿಯೋದು."

"ಅದು ಬಿಲ್ಡರ್ ಹಂಚೋ ಬಣ್ಣದ ಕಾಗದದಾಗ ಇರ್ತದಲ್ರಿ. ಈಜೋ ಹೊಂಡ, ನಗೋ ಹುಡುಗಿ, ಹಸಿರು ಗಿಡ."

ಬಾಯಿ ನಕ್ಕರು, ಆದರೆ ಬಿಡಲಿಲ್ಲ. "ಬರೀರಿ. ಮೊದಲು ಪ್ಲ್ಯಾನ್ ಹಾಕ್ಕೊಳ್ರಿ. ಯಾವ ಅಧ್ಯಾಯದಾಗ ಏನು ಬರ್ತದ, ಎಲ್ಲಾ ಒಂದು ಹಾಳಿಮ್ಯಾಲ ಬರದು ತರ್ರಿ, ನಾ ನೋಡ್ತೀನಿ."

ಪ್ಲ್ಯಾನು ನನಗೆ ಹೊಸದಲ್ಲ. ನಮ್ಮ ಖೋಲಿಯಲ್ಲಿ ಪ್ಲ್ಯಾನುಗಳ ಸುರುಳಿಯೇ ಇತ್ತು. ಕಟ್ಟಡ ಮುಗಿದ ಮೇಲೆ ಇಂಜಿನಿಯರುಗಳು ಬಿಸಾಡಿ ಹೋಗುವ ದೊಡ್ಡ ದೊಡ್ಡ ನಕಾಶೆಗಳು. ಸೋರುವ ಕಡೆ ಅಂಟಿಸಲು, ರೊಟ್ಟಿ ಹಿಟ್ಟು ಜರಡಿ ಹಿಡಿಯುವಾಗ ಹಾಸಲು ಅಂತ ನಾನು ಎತ್ತಿಟ್ಟಿದ್ದೆ. ಹಿಂಬದಿ ಬೆಳ್ಳಗಿತ್ತು. ನಮ್ಮ ಮನೆಯವರ ಚೀಲದಿಂದ ಪೆನ್ಸಿಲು ತೆಗೆದುಕೊಂಡೆ. ಬರೆದೆ. ಒಯ್ದು ಬಾಯಿಗೆ ಕೊಟ್ಟೆ.

ಬಾಯಿ ಕನ್ನಡಕ ಏರಿಸಿಕೊಂಡು ಓದಿದರು, ಮುಖ ಗಂಟು ಹಾಕಿದರು. "ಏನ್ರಿ ಇದು, ಮೊದಲನೇ ಸಾಲಿನಾಗs ಗೌಂಡಿ ತುದಿಮ್ಯಾಲ ಮುದುಕ ಆಗಿ ಕುಂತಾನ. ಕೊನೀ ಸಾಲಿನಾಗ ಪಾಯಾ ತಗಿಲಾಕ ನೆಲಾ ಪೂಜಾ ಮಾಡ್ಯಾರ!"

"ಕೆಳಗಿಂದ ಓದ್ರಿ ಬಾಯಿ."

"ಯಾಕ?"

"ಯಾರರೆ ಗಚ್ಚಿಯಿಂದ ಮನಿ ಕಟ್ತಾರೇನ್ರಿ? ಪಾಯಾ ಕೆಳಗ ಇರ್ತದ."

ನಾನು ಹಾಳೆಯ ಬುಡದಿಂದ ಮೇಲಕ್ಕೆ ಬರೆದಿದ್ದೆ. ಅದು ತಪ್ಪು ಅಂತ ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಬಾಯಿ ಎಷ್ಟು ಹೇಳಿದರೂ ಪ್ಲ್ಯಾನು ಹಾಗೆಯೇ ಇತ್ತು. ಅದನ್ನು ಗೋಡೆಗೆ ಅಂಟಿಸಿದೆ, ಒಂದೊಂದು ಅಧ್ಯಾಯ ಮುಗಿದಂತೆ ಕೆಳಗಿನಿಂದ ಸುಣ್ಣದ ಬೊಟ್ಟು ಇಡುತ್ತಾ ಹೋದೆ. ಗೌಂಡಿ ಮುದುಕನಾಗಿ ಕುಳಿತ ಆ ತುದಿಯ ಸಾಲಿನಿಂದಾಚೆ ಮಾತ್ರ ಜಾಗ ಖಾಲಿ ಬಿಟ್ಟಿದ್ದೆ. ಗೌಂಡಿ ಹೇಗೆ ಇಳಿಯುತ್ತಾನೆ ಅಂತ ನನಗೇ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಗೊತ್ತಿತ್ತು. ಅವನು ಇಳಿಯುವುದಿಲ್ಲ. ಆ ಕಥೆಯಲ್ಲಿ ಇಳಿಯಲು ದಾರಿಯೇ ಇಲ್ಲ.

ಬರೆಯುತ್ತಿದ್ದದ್ದು ಹಗಲು. ದೀಪದ ಬೆಳಕಿಗೆ ನನ್ನ ಕಣ್ಣು ಕೆಲಸ ಮಾಡುವುದಿಲ್ಲ, ಪೊರೆ. ಮಧ್ಯಾಹ್ನ ಬಾಗಿಲಲ್ಲಿ ಬಿಸಿಲು ಬೀಳುವಲ್ಲಿ ಕುಳಿತು ಬರೆಯುತ್ತಿದ್ದೆ. ಇದು ನಮ್ಮ ನಾದಿನಿ ಶಾಂತವ್ವನಿಗೆ ಸೇರುತ್ತಿರಲಿಲ್ಲ. ನಮ್ಮ ಮನೆಯವರ ತಂಗಿ ಅವಳು, ಎರಡು ಖೋಲಿ ಆಚೆ ಇರುತ್ತಾಳೆ. ಓದು ಬರಹ ಬಾರದು, ಬಾಯಿ ಮಾತ್ರ ಬರುತ್ತದೆ.

"ವೈನಿ, ಹಗಲಾಗ ಕಥಿ ಹೇಳಬಾರದು. ದಾರಿಗೆ ಹ್ವಾದೋರು ದಾರಿ ತಪ್ತಾರ."

"ನಾ ಹೇಳಾಕತ್ತಿಲ್ಲ. ಬರಿಲಾಕತ್ತೀನಿ."

"ಬರಿಯಾಗ ತುಟಿ ಅಳ್ಳಾಡಿಸ್ತಿ. ಅದು ಹೇಳಿದಂಗs."

ಇದು ಅವಳು ಕಟ್ಟಿದ ಮಾತಲ್ಲ. ನನ್ನವ್ವನೂ ಇದನ್ನೇ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅವ್ವ ಶೇಂಗಾ ಒಡೆಯುತ್ತಾ ಕುಳಿತಿದ್ದಳು, ಕಥೆ ಹೇಳು ಅಂತ ಸೆರಗು ಜಗ್ಗಿದೆ. ಬೆನ್ನಿಗೆ ಒಂದು ಬಿತ್ತು. "ನಿಮ್ಮ ಸೋದರಮಾವ ಸಂತಿಗೆ ಹೋಗ್ಯಾನ, ದಾರಿ ತಪ್ಪಲೇನ?" ನಾನು ಹಟ ಮಾಡಿ ನನಗೆ ನಾನೇ ಒಂದು ಗುಬ್ಬಿಯ ಕಥೆ ಹೇಳಿಕೊಂಡೆ, ಅದೂ ಅರ್ಧ. ಅವತ್ತು ಮಾವ ಮನೆಗೆ ಬರಲೇ ಇಲ್ಲ. ಅವ್ವ ನನ್ನನ್ನು ಕೂರಿಸಿ, "ಅರ್ಧಾ ಬಿಟ್ರ ದಾರ್ಯಾಗs ಉಳಿತಾರ, ಮುಗಸು" ಅಂತ ಅಳಿಸಿ ಅಳಿಸಿ ಗುಬ್ಬಿಯನ್ನು ಗೂಡಿಗೆ ಮುಟ್ಟಿಸಿದಳು. ಮರುದಿನ ಮಾವ ಬಂದ. ಸಂತೆಯಲ್ಲಿ ಕುಡಿದು ಯಾರದೋ ಬಂಡಿಯ ಕೆಳಗೆ ಮಲಗಿದ್ದನಂತೆ. ಆದರೂ ಅವ್ವ ಹೇಳುತ್ತಿದ್ದದ್ದು, ನೋಡು, ಮುಗಿಸಿದಿ, ಬಂದ.

ನಾನು ಶಾಂತವ್ವನಿಗೆ ಹೇಳಿದೆ, "ಹಂಗಾರ ಟಿವ್ಯಾಗ ಹಗಲೆಲ್ಲಾ ಕಥಿ ಬರ್ತಾವಲ್ಲ, ಪುಣೆ ಮಂದಿ ಎಲ್ಲಾ ದಾರಿ ತಪ್ಪಬೇಕಿತ್ತು."

"ಹಿಂಜವಾಡಿ ಚೌಕಿಗೆ ಹೋಗಿ ನೋಡು. ತಪ್ಪಿಲ್ಲೇನು?"

ಅದೂ ನಿಜವೇ. ಕಂಪನಿ ಗಾಡಿಗಳು ಬೆಳಗಿನಿಂದ ಅಲ್ಲೇ ನಿಂತಿರುತ್ತವೆ.

ನಮ್ಮ ಮನೆಯವರಿಗೆ ಆಗಲೇ ಮರೆವು ಹತ್ತಿತ್ತು. ಉಂಡದ್ದು ಮರೆಯುವರು, ಮಗಳು ಸೊಲ್ಲಾಪುರದಲ್ಲಿ ಇರುವುದು ಮರೆಯುವರು. ಕೆಲಸ ಮಾತ್ರ ಮರೆಯಲಿಲ್ಲ. ಬೆಳಗ್ಗೆ ಒಮ್ಮೆ, ಹೊತ್ತು ಇಳಿಯುವಾಗ ಇನ್ನೊಮ್ಮೆ ರುಮಾಲು ಸುತ್ತಿ, ಗಾರೆ ಹಚ್ಚುವ ಕರಣಿ ಕೈಯಲ್ಲಿ ಹಿಡಿದು ಹೊರಡುವರು. ತಾವು ಹಿಂದೆ ಕಟ್ಟಿದ ಯಾವುದೋ ದೊಡ್ಡ ಕಟ್ಟಡದ ಗೇಟಿಗೆ ಹೋಗಿ ವಾಚ್‌ಮನ್‌ಗೆ, "ಮ್ಯಾಲ ಪ್ಲಾಸ್ಟರ್ ಉಳದದ, ಬಿಡು" ಅನ್ನುವರು. ಮೇಲೆ ಪ್ಲಾಸ್ಟರ್ ಆಗಿ, ಬಣ್ಣ ಆಗಿ, ಮಂದಿ ಬಂದು, ಮಂದಿಯ ಮಕ್ಕಳು ದೊಡ್ಡವರಾಗಿದ್ದರು. ಯಾರೋ ಒಬ್ಬರು ಕರೆದು ತಂದು ಬಿಡುತ್ತಿದ್ದರು. ಮಧ್ಯಾಹ್ನ ನನ್ನ ಪಕ್ಕ ಕುಳಿತು ಬರೆದದ್ದನ್ನು ಓದಿಸಿ ಕೇಳುವರು. ನನ್ನ ಹೆಸರು ಎಷ್ಟೋ ಸಲ ಹೊಳೆಯುತ್ತಿರಲಿಲ್ಲ, ಆದರೆ ಕಥೆಯಲ್ಲಿ ತಪ್ಪು ಕಂಡರೆ ಸುಮ್ಮನಿರುತ್ತಿರಲಿಲ್ಲ. "ಅಷ್ಟು ಎತ್ತರಕ್ಕ ಆ ಗ್ವಾಡಿ ನಿಲ್ಲಂಗಿಲ್ಲ. ದಪ್ಪ ಮಾಡು." ನಾನು ದಪ್ಪ ಮಾಡುತ್ತಿದ್ದೆ. ಗೋಡೆ ದಪ್ಪ ಅಂತ ಒಂದು ಸಾಲು ಸೇರಿಸಿದರೆ ಅವರಿಗೆ ಸಮಾಧಾನ.

ಆ ದಿನ ಮಧ್ಯಾಹ್ನ ಕೊನೆಯ ಅಧ್ಯಾಯ ಹಿಡಿದಿದ್ದೆ. ಅವರು ಬಾಗಿಲಲ್ಲಿ ನಿಂತು, "ಹೊತ್ತಾತು, ಹೋಗ್ತೀನಿ" ಅಂದರು. ನಾನು ಹೂಂ ಅಂದೆ. ದಿನವೂ ಅವರು ಹಾಗೇ ಅನ್ನುತ್ತಿದ್ದರು, ದಿನವೂ ನಾನು ಹೂಂ ಅನ್ನುತ್ತಿದ್ದೆ. ನಾನು ಬರೆಯದೆ ಕುಳಿತಿದ್ದರೂ ಹೋಗುತ್ತಿದ್ದರು. ಹೊತ್ತು ಮುಳುಗಿದರೂ ಯಾರೂ ಕರೆದು ತರಲಿಲ್ಲ.

ಠಾಣೆಗೆ ಹೋದೆವು. ಮರಾಠಿ ಹುಡುಗಿ ಒಬ್ಬಳು, ಕಾನ್‌ಸ್ಟೇಬಲ್, ಬರೆದುಕೊಳ್ಳಲು ಕುಳಿತಳು. "ಆಜಿ, ನವರ್‍ಯಾಚ ನಾವ?" ಗಂಡನ ಹೆಸರು ಕೇಳಿದಳು. ನಮ್ಮ ಕಡೆ ಗಂಡನ ಹೆಸರನ್ನು ಬಾಯಿಯಿಂದ ಹೇಳುವುದಿಲ್ಲ, ಬರೆಯಬಹುದು, ಹೇಳಬಾರದು. ಹೇಳುವುದಾದರೆ ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡ ನಿಂತ ಹೆಂಗಸರು ಬಿಡದಿದ್ದಾಗ ಪ್ರಾಸದ ಮಾತಿನಲ್ಲಿ ಹೆಸರು ಸೇರಿಸಿ ಒಡಪು ಕಟ್ಟಿ ಹೇಳಬೇಕು. ಹಾಳೆ ಕೊಡು, ಬರೆದುಕೊಡುತ್ತೇನೆ ಅಂದೆ. ಅವಳಿಗೆ ಕನ್ನಡ ಅಕ್ಷರ ಬಾರದು. ಶಾಂತವ್ವನಾದರೂ ಹೇಳಬಹುದಿತ್ತು, ಅಣ್ಣನ ಹೆಸರು. ಅವಳು ಬೆಂಚಿನ ಮೇಲೆ ಕುಳಿತು ಅಳುವುದರಲ್ಲಿದ್ದಳು.

ಹುಡುಗಿಗೆ ಅರ್ಥವಾಯಿತು. ಅವರಲ್ಲೂ ಅದೇ ಪದ್ಧತಿ. ಮೆಲ್ಲಗೆ, "ಉಖಾಣಾ ಘ್ಯಾ, ಆಜಿ," ಅಂದಳು. ಒಡಪು ಹಾಕಿ ಹೇಳಿ ಅಂತ.

ಮದುವೆಯ ದಿನದ್ದೇ ನಾಲಿಗೆಗೆ ಬಂತು.

"ಹಿತ್ತಲ ಬಾಗಿಲಾಗ ಹೀರಿ ಬಳ್ಳಿ, ಮುಂದಿನ ಬಾಗಿಲಾಗ ಮುತ್ತಿನ ಮಲ್ಲಿ, ಸಾಯಬಣ್ಣ ಇದ್ದಲ್ಲಿ ನನ್ನ ಮನಿ ಅಲ್ಲಿ."

ಠಾಣೆಯಲ್ಲಿ ಯಾರೂ ನಗಲಿಲ್ಲ. ಅರ್ಥ ಏನು ಅಂತ ಹುಡುಗಿ ಕೇಳಿದಳು. ಅವರು ಎಲ್ಲಿರುತ್ತಾರೋ ನನ್ನ ಮನೆ ಅಲ್ಲಿ ಅಂತ ಮರಾಠಿಯಲ್ಲಿ ಹೇಳಿದೆ. ಅವಳು ಹೆಸರು ಬರೆದುಕೊಂಡಳು. ಆಮೇಲೆ ಎತ್ತರ ಕೇಳಿದಳು, ಅಂಗಿಯ ಬಣ್ಣ ಕೇಳಿದಳು. ಫೋಟೋ ಕೇಳಿದಾಗ ಆಧಾರ್ ಕಾರ್ಡು ಕೊಟ್ಟೆ. ಅದರಲ್ಲಿರುವ ಮುಖ ಯಾರದ್ದಾದರೂ ಆಗಬಹುದು.

ಅವರ ಹೆಸರು ನನ್ನ ಬಾಯಿಯಿಂದ ಹೊರಬಿದ್ದದ್ದು ಅಲ್ಲಿಗೆ ಎರಡನೆಯ ಸಲ.

ಆಮೇಲೆ ಸೊಲ್ಲಾಪುರದ ದಾರಿಯಲ್ಲಿರುವ ದೌಂಡಿನಿಂದ ಫೋನು ಬಂತು. ನಮ್ಮೂರಿನವನೊಬ್ಬ ಅಲ್ಲಿ ರೇಲ್ವೆಯಲ್ಲಿ ಹಳಿಯ ಕೆಲಸ ಮಾಡುತ್ತಾನೆ. ಕರಣಿ ಹಿಡಿದ ಮುದುಕನೊಬ್ಬ ಸೊಲ್ಲಾಪುರದ ಗಾಡಿ ಎಲ್ಲಿ ನಿಲ್ಲುತ್ತದೆ ಅಂತ ಕೇಳಿದನಂತೆ. ಇವನು ಕೆಲಸದಲ್ಲಿದ್ದ, ಕೈ ತೋರಿಸಿ ಕಳಿಸಿದನಂತೆ. ಗುರುತು ಹತ್ತಿದ್ದು ಆಮೇಲೆ. ನಾನೂ ಶಾಂತವ್ವನೂ ದೌಂಡಿಗೆ ಹೋದೆವು. ಪ್ಲಾಟ್‌ಫಾರ್ಮಿನಲ್ಲಿ ಮಲಗಿದ ಪ್ರತಿಯೊಬ್ಬ ಮುದುಕನ ಹೊದಿಕೆ ಎತ್ತಿ ನೋಡಿದೆವು. ಒಬ್ಬ ಬೈದ, ಒಬ್ಬ ಚಹಾ ಕೊಡಿಸು ಅಂದ. ಸೊಲ್ಲಾಪುರದಲ್ಲಿ ಮಗಳು, ಅಳಿಯ ಸ್ಟೇಷನ್ ಪೂರಾ ಹುಡುಕಿದರು. ಅಲ್ಲಿ ಇಳಿದಿರಲಿಲ್ಲ.

ನನಗೆ ಕುರಕುಂಭ ನೆನಪಾಯಿತು. ದೌಂಡಿನ ಹತ್ತಿರವೇ, ಕೆಮಿಕಲ್ ಕಾರ್ಖಾನೆಗಳ ಜಾಗ. ನಾವು ಮದುವೆಯಾದ ಹೊಸದರಲ್ಲಿ ಅಲ್ಲಿ ಒಂದು ಕಂಪೌಂಡು ಗೋಡೆ ಕಟ್ಟಿದ್ದೆವು. ಅವರ ಕೈಯ ಮೊದಲ ಗೋಡೆ. ಅಲ್ಲಿಗೆ ಹೋಗಿರಬಹುದು ಅಂತ ಹೋದೆವು. ಮೂಗು ಉರಿಯುವ ವಾಸನೆ. ಗೋಡೆ ಸಿಕ್ಕಿತು. ನೆಟ್ಟಗೆ ನಿಂತಿತ್ತು, ಎಲ್ಲೂ ಬಿರುಕಿಲ್ಲ. ಗೋಡೆಯ ಆ ಕಡೆ ಈ ಕಡೆ ಎರಡೂ ನೋಡಿದೆವು. ಯಾರೂ ಇರಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಶಾಂತವ್ವ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, "ವೈನಿ, ಕಥಿ ಅರ್ಧಾ ಅದ ಹೌದಿಲ್ಲೋ?"

"ಕೊನೀದೊಂದು ಉಳದದ."

"ಮುಗಸು."

"ಹುಚ್ಚಿ, ಕಥಿ ಮುಗದ್ರ ಬರ್ತಾರೇನ?"

"ಮುಗಸಂಗಿಲ್ಲ ಅಂದ್ರ ಬರಂಗಿಲ್ಲ. ಮುಗಸು. ನಿಂಗೇನು ಹೋಗ್ತದ?"

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಮಾವ ಕುಡಿದು ಮಲಗಿದ್ದ ಅಂತ ಅವತ್ತೇ ಗೊತ್ತಿತ್ತು. ಆದರೆ ಠಾಣೆಗೆ ಹೋಗಿಯಾಗಿತ್ತು, ದೌಂಡಿಗೆ ಹೋಗಿಯಾಗಿತ್ತು, ಮಾಡಲು ಕೈಯಲ್ಲಿ ಬೇರೆ ಏನೂ ಉಳಿದಿರಲಿಲ್ಲ. ಪೆನ್ಸಿಲು ಉಳಿದಿತ್ತು.

ಮರುದಿನ ಬಾಗಿಲಿಗೆ ಬಿಸಿಲು ಬರುತ್ತಲೇ ಕುಳಿತೆ. ಇಷ್ಟು ವರ್ಷದಲ್ಲಿ ನನಗೆ ಒಂದು ಲೋಟ ನೀರು ಕೊಡದ ಶಾಂತವ್ವ ರೊಟ್ಟಿ ಬಡಿದು ತಂದಳು. ಎದುರಿಗೆ ಕುಳಿತು ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಕಾದಳು. "ಎಲ್ಲಿಗೆ ಬಂತು? ಓದು." ಓದಿದೆ. "ಈ ಚಳಿ ರಾಜನ ಮಾತು ಯಾಕ ಇಷ್ಟುದ್ದ? ಅಂವಂದೇನು ಕೆಲಸ? ಅಂವನ್ನ ಬಿಡು, ಗೌಂಡೀನ ಇಳಸು."

"ಇಳಸಾಕ ದಾರಿ ಇಲ್ಲ ಶಾಂತವ್ವ."

"ನೀನs ಬರಿಯಾಕಿ. ದಾರಿ ಮಾಡು."

"ಮೆಟ್ಟಲಾ ಇಲ್ಲ ಅಂತ ಮೊದಲs ಬರದೀನಿ."

"ಹಂಗಾರ ಆ ಸಾಲಿನ ಮಂದಿ ಏನ್ ಮಾಡ್ತಾರ? ಎಲ್ಲಾರೂ ಒಮ್ಮಿ ತಿರುಗಿ ನಿಂದರ್ಲಿ. ಇಟ್ಟಂಗಿ ಮ್ಯಾಲ ಕೊಟ್ಟಂಗ ಅಣ್ಣನ್ನ ಕೆಳಗ ಕೊಡ್ಲಿ."

ಅವಳು ಅಣ್ಣ ಅಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಈಗ ಹೇಳಿದರೆ ನೀವು ನನ್ನನ್ನು ಎಂಥ ಹೆಂಗಸು ಅಂದುಕೊಳ್ಳುತ್ತೀರೋ. ಗಂಡ ಎಲ್ಲಿದ್ದಾರೆ, ಉಂಡಿದ್ದಾರಾ, ಜೀವ ಇದೆಯಾ ಅಂತ ಗೊತ್ತಿಲ್ಲ. ನಾನು ಪೆನ್ಸಿಲು ಕಚ್ಚಿಕೊಂಡು ಯೋಚಿಸುತ್ತಿದ್ದದ್ದು, ಇದು ಸುಳ್ಳಾಗುತ್ತದೆ ಅಂತ. ಅಷ್ಟು ವರ್ಷ ಸಾಲಿನಲ್ಲಿ ನಿಂತವಳು ನಾನು. ಒಬ್ಬ ಗೌಂಡಿಗಾಗಿ ಸಾಲು ತಿರುಗಿದ್ದನ್ನು ಒಂದು ದಿನವೂ ನೋಡಿಲ್ಲ. ಮೇಲಿನಿಂದ ಯಾರಾದರೂ ಬಿದ್ದರೂ ಸಾಲು ಸ್ವಲ್ಪ ಹೊತ್ತು ನಿಲ್ಲುತ್ತದೆ, ಕೆಲಸ ಮಾಡಿಸುವ ಮುಕಾದಮ ಕೂಗುತ್ತಾನೆ, ಮತ್ತೆ ಇಟ್ಟಿಗೆ ಮೇಲಕ್ಕೆ ಹೋಗುತ್ತದೆ. ದೌಂಡಿನಲ್ಲಿ ನಮ್ಮೂರಿನವನೇ ಕೈ ತೋರಿಸಿ ಕಳಿಸಿದ. ಅವನ ತಪ್ಪಲ್ಲ, ಅವನೂ ಸಾಲಿನಲ್ಲಿದ್ದ. ಮೋಡದ ಮೇಲೆ ರಾಜರು ಇರುವುದನ್ನು ಬರೆಯುವಾಗ ನನಗೆ ಒಂಚೂರೂ ನಾಚಿಕೆಯಾಗಿರಲಿಲ್ಲ. ಮಂದಿ ತಿರುಗಿ ನಿಂತರು ಅಂತ ಬರೆಯಲು ಕೈ ಬರಲಿಲ್ಲ.

ಆದರೂ ಬರೆದೆ. ಬಿಸಿಲು ಹೊಸ್ತಿಲು ದಾಟಿ ಹೋಗುವುದರಲ್ಲಿ ಬರೆದು ಮುಗಿಸಿದೆ. ಸಾಲು ತಿರುಗಿತು. ಗೌಂಡಿಯನ್ನು ಕೈಯಿಂದ ಕೈಗೆ ಇಳಿಸಿದರು, ಚಳಿಯ ಮಾಳಿಗೆ ದಾಟಿಸಿ, ಸುಗ್ಗಿಯ ಮಾಳಿಗೆ ದಾಟಿಸಿ, ನೆಲಕ್ಕೆ. ಹೆಂಡತಿ, "ಕೈ ತೊಳಕೊಳ್ರಿ, ಉಣ್ಣಾಕ ನೀಡ್ತೀನಿ" ಅಂದಳು. ಓದಿದಾಗ ಶಾಂತವ್ವ ಕಣ್ಣು ಒರೆಸಿಕೊಂಡಳು. "ಭಾಳ ಚಲೋ ಆತು ವೈನಿ." ನಾನು ಗೋಡೆಯ ಮೇಲಿನ ಪ್ಲ್ಯಾನಿನ ತುದಿಯಲ್ಲಿ ಸುಣ್ಣದ ಬೊಟ್ಟು ಇಟ್ಟೆ. ಮಾಲತಿಬಾಯಿ ಆಮೇಲೆ ಓದಿ, "ಎಲ್ಲಾ ಭಾಳ ಛಂದ ಬಂದದ ಭೀಮವ್ವ, ಆದ್ರ ಕೊನೀಗೆ ಯಾಕೋ ಅವಸರ ಆದಂಗದ" ಅಂದರು. ಅವರಿಗೆ ಓದಲು ಬರುತ್ತದೆ, ಒಪ್ಪಬೇಕು.

ಆ ಸಂಜೆ ಶಾಂತವ್ವ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆದಳು. ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು. ಓಣಿಯಲ್ಲಿ ಯಾರ ಚಪ್ಪಲಿ ಸಪ್ಪಳವಾದರೂ ಎದ್ದು ನೋಡಿದಳು. ಹಾಲಿನವನು ಬಂದ, ಎದುರು ಖೋಲಿಯವನು ಬಂದ, ಆಮೇಲೆ ಸಪ್ಪಳ ನಿಂತಿತು. ಅನ್ನ ತಣ್ಣಗಾಯಿತು. ಕಥೆಯೂ ಕೆಟ್ಟಿತು, ಅವರೂ ಬರಲಿಲ್ಲ. ಶಾಂತವ್ವ ಗೋಡೆಗೆ ಆತು ಕುಳಿತಿದ್ದಳು. ಬೈಯುತ್ತಾಳೆ ಅಂದುಕೊಂಡೆ, ಎದ್ದು ಅನ್ನದ ಪಾತ್ರೆ ಮುಚ್ಚಿಟ್ಟಳು.

ಮರುದಿನ ಬೆಳಗ್ಗೆ ಎದ್ದು ಜಳಕ ಮಾಡಿದೆ. ಮಾಲತಿಬಾಯಿಗೆ ಬರುವುದಿಲ್ಲ ಅಂತ ಫೋನು ಮಾಡಿದೆ. ನಕಾಶೆಯ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಮಜೂರರ ಅಡ್ಡೆಗೆ ಹೋದೆ. ಬೆಳಿಗ್ಗೆ ಕೂಲಿಯವರು ಡಬ್ಬಿ ಹಿಡಿದು ಮುಕಾದಮರನ್ನು ಕಾಯುತ್ತಾ ನಿಲ್ಲುವ ಚೌಕು ಅದು. ಅಲ್ಲಿಂದ ಟೆಂಪೋ ಹತ್ತಿ ಒಬ್ಬರು ಒಂದು ದಿಕ್ಕಿಗೆ, ಇನ್ನೊಬ್ಬರು ಇನ್ನೊಂದು ದಿಕ್ಕಿಗೆ ಹೋಗುತ್ತಾರೆ. ಹಿಂದಿನ ಸಂಜೆಯಿಂದ ನನ್ನ ತಲೆಯಲ್ಲಿ ಒಂದೇ ಮಾತು ಕುಳಿತಿತ್ತು. ದಾರಿ ಗೊತ್ತಿದ್ದವರೆಲ್ಲ ಅವರನ್ನು ನೋಡಿ ಮುಂದೆ ಹೋದರು. ದಾರಿ ತಪ್ಪಿದ ಮನುಷ್ಯ ಸಿಕ್ಕರೆ ದಾರಿ ತಪ್ಪಿದವರಿಗೇ ಸಿಗಬೇಕು.

ಬಿಸಿಲು ಚುರುಕಾಗಿತ್ತು. ಫುಟ್‌ಪಾತಿನ ಮೇಲೆ ಕುಳಿತು ಸುರುಳಿ ಬಿಚ್ಚಿದೆ. ಬುಡದ ಸಾಲಿನ ಮೇಲೆ ಬೆರಳಿಟ್ಟೆ. ನಮ್ಮ ಕಡೆಯ ಹೆಂಗಸೊಬ್ಬಳು ಬಗ್ಗಿ ನೋಡಿ, "ಏನಬೇ ಇದು?" ಅಂದಳು.

"ಕಥಿ. ಕುಂದರ್ರಿ, ಹೇಳ್ತೀನಿ."

"ಯವ್ವಾ, ಹಗಲಾಗ ಕಥಿ ಹೇಳ್ತಾರೇನ? ದಾರಿಗೆ ಹೊಂಟ ಮಂದಿ ನಾವು!"

"ಅದಕ್ಕs ಹೇಳ್ತೀನಿ," ಅಂದೆ. ಟೆಂಪೋ ಸಪ್ಪಳದ ಮೇಲೆ ಕೇಳಿಸಲಿ ಅಂತ ದನಿ ಎತ್ತಿ ಶುರು ಮಾಡಿದೆ. "ಒಂದೂರಾಗ ಒಬ್ಬ ಗೌಂಡಿ ಇದ್ದ. ಅಂವನ ಹೆಸರು ಸಾಯಬಣ್ಣ."